ಹದಿನಾಲ್ಕು ಸಾವಿರ ಕಿಲೋಮೀಟರ್ ಎಂದರೆ ಎಷ್ಟು ಗಂಟೆ?

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಶಿಕ್ಷಕ, ವಯಸ್ಸು 68. ಅಕ್ಟೋಬರ್‌ನಲ್ಲಿ ಪತ್ನಿಯೊಡನೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ, ಮಗಳ ಮನೆಗೆ ಹೊರಟಿದ್ದೇನೆ. ಜನವರಿಯಲ್ಲಿ ಹಿಂದಿರುಗುವ ಯೋಚನೆಯಿದೆ. ಎರಡೂ ವಿಮಾನ ನಿಲ್ದಾಣಗಳ ನಡುವಿನ ಅಂತರ ಎಷ್ಟೆಂದು ಹುಡುಕಿದಾಗ ಒಂದು ಕಡೆ 13,990, ಇನ್ನೊಂದು ಕಡೆ 8,690, ಮತ್ತೊಂದು ಕಡೆ 7,550 ಎಂದಿತ್ತು. ಹಾರಾಟದ ಸಮಯ ಎಲ್ಲ ಕಡೆಯೂ ಸುಮಾರು 16 ಗಂಟೆ. ಆದರೆ ಟ್ರಾವೆಲ್ ಏಜೆಂಟರು ತೋರಿಸಿದ ಟಿಕೆಟ್‌ಗಳಲ್ಲಿ 22 ಗಂಟೆಯಿಂದ 27 ಗಂಟೆಯವರೆಗೆ ಇದೆ. ಹೋಗುವ ಸಮಯವೇ ಬೇರೆ, ಬರುವ ಸಮಯವೇ ಬೇರೆ. ಭೂಮಿ ತಿರುಗುವುದರಿಂದ ಹೀಗಾಗುತ್ತದೆ ಎಂದು ನೆರೆಯವರು ಹೇಳುತ್ತಾರೆ. ಉತ್ತರ ಧ್ರುವದ ಕಡೆಯಿಂದ ಹೋಗುವ ವಿಮಾನ ವಯಸ್ಸಾದವರಿಗೆ ಅಪಾಯ ಎಂದೂ ಕೇಳಿದ್ದೇವೆ. ಪತ್ನಿಗೆ ಮಂಡಿನೋವು ಇದೆ, ಹೆಚ್ಚು ಹೊತ್ತು ಕುಳಿತರೆ ಕಾಲು ಊದಿಕೊಳ್ಳುತ್ತದೆ. ನಾವು ಯಾವ ದಾರಿಯನ್ನು ಆರಿಸಿಕೊಳ್ಳಬೇಕು?

ಉತ್ತರ: ತಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವೆಲ್ಲದರ ಅಡಿಯಲ್ಲಿರುವ ಆತಂಕ ಒಂದೇ ಎಂದು ನನಗೆ ಅನ್ನಿಸಿತು. ಲೆಕ್ಕದಲ್ಲಿ 16 ಗಂಟೆಯೆಂದು ಕಾಣುವ ಪ್ರಯಾಣ ಟಿಕೆಟ್ಟಿನಲ್ಲಿ 24 ಗಂಟೆಯಾಗುವುದು ಏಕೆ, ಆ ಹೆಚ್ಚಿನ ಗಂಟೆಗಳನ್ನು ತಮ್ಮ ಪತ್ನಿಯವರು ಹೇಗೆ ಸಹಿಸಿಯಾರು ಎಂಬುದು ಆ ಆತಂಕ. ವಿಮಾನ ಹೊರಡುವ ಮುನ್ನ ಅದರ ದಾರಿ, ಇಂಧನ, ಸಮಯಗಳ ಲೆಕ್ಕ ಹಾಕಿಕೊಡುವ ಫ್ಲೈಟ್ ಡಿಸ್ಪ್ಯಾಚ್ ವಿಭಾಗದಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ಅಂತರ ಎಂಬುದು ಒಂದು ಸ್ಥಿರವಾದ ಸಂಖ್ಯೆ. ಹಾರಾಟದ ಸಮಯ ಹಾಗಲ್ಲ, ಅದು ಆಯಾ ದಿನದ ಗಾಳಿ ನೋಡಿ ಹಾಕುವ ಲೆಕ್ಕ. ಟಿಕೆಟ್ಟಿನ ಮೇಲಿರುವ ಒಟ್ಟು ಸಮಯವಂತೂ ಇವೆರಡಕ್ಕಿಂತಲೂ ಬೇರೆಯೇ ಆದದ್ದು. ಈ ಮೂರನ್ನು ಬಿಡಿಸಿ ನೋಡಿದರೆ ತಮ್ಮ ಗೊಂದಲದ ಬಹುಪಾಲು ಕರಗುತ್ತದೆ.

ಮೊದಲಿಗೆ ಆ ಮೂರು ಸಂಖ್ಯೆಗಳು. ಅವು ಮೂರೂ ಸರಿ, ಮೂರೂ ಒಂದೇ ಅಂತರವನ್ನು ಹೇಳುತ್ತಿವೆ: 13,990 ಕಿಲೋಮೀಟರ್‌ಗಳಲ್ಲಿ, 8,690 ನಾವು ರಸ್ತೆಗೆ ಬಳಸುತ್ತಿದ್ದ ಮೈಲಿಗಳಲ್ಲಿ, 7,550 ನಾಟಿಕಲ್ ಮೈಲಿಗಳಲ್ಲಿ. ಹಡಗು ಮತ್ತು ವಿಮಾನಗಳವರು ಬಳಸುವ ನಾಟಿಕಲ್ ಮೈಲಿ 1.852 ಕಿಲೋಮೀಟರ್‌ಗೆ ಸಮ. ಎರಡು ತಾಣಗಳ ನಡುವೆ ಹತ್ತಿಪ್ಪತ್ತು ಕಿಲೋಮೀಟರ್ ವ್ಯತ್ಯಾಸ ಕಂಡರೆ ಅದಕ್ಕೂ ಕಾರಣವಿದೆ. ಭೂಮಿ ಪೂರ್ತಿ ದುಂಡಗಿಲ್ಲ, ಧ್ರುವಗಳಲ್ಲಿ ಸ್ವಲ್ಪ ಅದುಮಿದಂತಿದೆ. ಕೆಲವರು ಇದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಕೆಲವರು ಹಿಡಿಯುವುದಿಲ್ಲ. ಕೆಲವರು ದೇವನಹಳ್ಳಿಯ ರನ್‌ವೇಯಿಂದ ಅಳೆದರೆ ಇನ್ನು ಕೆಲವರು ಬೆಂಗಳೂರು ನಗರದ ನಡುವಿನಿಂದ ಅಳೆಯುತ್ತಾರೆ.

ಈ 13,990 ಕಿಲೋಮೀಟರ್‌ನ ದಾರಿ ಎಲ್ಲಿ ಹಾದುಹೋಗುತ್ತದೆ ಎಂಬುದು ಗೋಡೆಯ ಮೇಲಿನ ನಕ್ಷೆಯಿಂದ ತಿಳಿಯುವುದಿಲ್ಲ. ತಾವು ಶಿಕ್ಷಕರಾಗಿದ್ದವರು, ಶಾಲೆಯ ಭೂಗೋಳದ ಗುಂಡು ಎಲ್ಲಿಯಾದರೂ ಸಿಕ್ಕರೆ ಹೀಗೆ ಮಾಡಿ ನೋಡಿ. ಹೊಲಿಗೆಯ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋದ ಮೇಲಿಟ್ಟು ಬಿಗಿಯಾಗಿ ಎಳೆಯಿರಿ. ದಾರ ಪೂರ್ವಕ್ಕೆ ಸಾಗಿ ಪೆಸಿಫಿಕ್ ಸಾಗರದ ನಡುವೆ ಬೀಳುವುದಿಲ್ಲ. ಸರ್ರನೆ ಉತ್ತರಕ್ಕೆ ಜಾರುತ್ತದೆ. ನೇಪಾಳದ ಪೋಖರಾದ ಆಸುಪಾಸಿನಲ್ಲಿ ಹಿಮಾಲಯ ದಾಟಿ, ಟಿಬೆಟ್, ಮಂಗೋಲಿಯಾ, ಸೈಬೀರಿಯಾಗಳ ಮೇಲೆ ಏರಿ, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಆರ್ಕ್‌ಟಿಕ್ ಸಮುದ್ರದ ಅಂಚನ್ನು ಮುಟ್ಟಿ, ಅಲಾಸ್ಕಾದ ಮೇಲಿಂದ ಕ್ಯಾಲಿಫೋರ್ನಿಯಾಕ್ಕೆ ಇಳಿಯುತ್ತದೆ. ಗೋಲದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿಯೆಂದರೆ ಇದೇ. ಗಣಿತದಲ್ಲಿ ಇದನ್ನು ಮಹಾವೃತ್ತ ಎನ್ನುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಮೊದಲ ದಿನ ಮಾಡಿಸುತ್ತಿದ್ದದ್ದು ಈ ದಾರದ ಪಾಠವನ್ನೇ. ಚಪ್ಪಟೆ ನಕ್ಷೆ ನೋಡಿ ಬೆಳೆದ ಕಣ್ಣಿಗೆ ಪ್ರತಿ ಸಲವೂ ಅದು ಬೆರಗು ಹುಟ್ಟಿಸುತ್ತಿತ್ತು.

ಆದರೆ ಈ ದಾರದ ಮೇಲೆಯೇ ವಿಮಾನ ಹಾರುವುದು ಅಪರೂಪ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ ಸುಮಾರು 4,500 ಮೀಟರ್. ವಿಮಾನದೊಳಗಿನ ಗಾಳಿಯ ಒತ್ತಡ ಅಕಸ್ಮಾತ್ ಕುಸಿದರೆ ಪೈಲಟ್‌ಗಳು ಕೂಡಲೇ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಯಬೇಕು, ಏಕೆಂದರೆ ತಲೆಯ ಮೇಲಿಂದ ಜೋತುಬೀಳುವ ಆಮ್ಲಜನಕದ ಮಾಸ್ಕ್‌ಗಳು ಸಾಮಾನ್ಯವಾಗಿ ಹದಿನೈದು ನಿಮಿಷದ ಆಸುಪಾಸಿನಲ್ಲಿ ಬರಿದಾಗುತ್ತವೆ. ಕೆಳಗಿನ ನೆಲವೇ ಅದಕ್ಕಿಂತ ಎತ್ತರದಲ್ಲಿದ್ದರೆ ಇಳಿಯುವುದು ಎಲ್ಲಿಗೆ? ಹೀಗಾಗಿ ಬಹುತೇಕ ವಿಮಾನಗಳು ಆ ಪ್ರದೇಶವನ್ನು ಬಿಟ್ಟು ಸುತ್ತಿಕೊಂಡೇ ಹೋಗುತ್ತವೆ. ಇದರ ಜೊತೆಗೆ ದೇಶದೇಶಗಳ ನಡುವಿನ ಸಂಬಂಧವೂ ದಾರಿಯನ್ನು ಬಾಗಿಸುತ್ತದೆ. 2022ರಿಂದ ಅಮೆರಿಕ ಮತ್ತು ಐರೋಪ್ಯ ಒಕ್ಕೂಟದ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿಹೋಯಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ಹಾರಾಟಗಳ ಸಮಯ ಹೆಚ್ಚಿತು. ಎರಡು ಊರುಗಳ ನಡುವಿನ ಅಂತರ ಇವುಗಳಿಂದ ಒಂದು ಮೀಟರ್‌ನಷ್ಟೂ ಬದಲಾಗಲಿಲ್ಲ, ಆದರೆ ಪ್ರಯಾಣಿಕರು ಆಕಾಶದಲ್ಲಿ ಕಳೆಯುವ ಗಂಟೆಗಳು ಬದಲಾದವು.

ಇನ್ನು ಹೋಗುವಾಗ ಒಂದು ಸಮಯ, ಬರುವಾಗ ಇನ್ನೊಂದು ಸಮಯ ಏಕೆ ಎಂಬ ಪ್ರಶ್ನೆ. ವಿಮಾನ ಮೇಲೆ ಇರುವಾಗ ಭೂಮಿ ಕೆಳಗೆ ತಿರುಗಿಬಿಡುತ್ತದೆ ಎಂಬ ತಮ್ಮ ನೆರೆಯವರ ಮಾತನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಅದು ನಿಜವಾಗಿದ್ದರೆ ಪರಿಣಾಮ ಒಂದೆರಡು ಗಂಟೆಗೆ ನಿಲ್ಲುತ್ತಿರಲಿಲ್ಲ. ಬೆಂಗಳೂರಿನ ಅಕ್ಷಾಂಶದಲ್ಲಿ ನೆಲ ಗಂಟೆಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಸುತ್ತುತ್ತಿದೆ. ಗಂಟೆಗೆ 900 ಕಿಲೋಮೀಟರ್ ಹಾರುವ ವಿಮಾನ ಆ ನೆಲವನ್ನು ಬೆನ್ನಟ್ಟಬೇಕಿದ್ದಿದ್ದರೆ ಬೆಂಗಳೂರಿನಿಂದ ಚೆನ್ನೈಗೆ ತಲಪಲೂ ಆಗುತ್ತಿರಲಿಲ್ಲ. ಭೂಮಿಯೊಡನೆ ವಾತಾವರಣವೂ ತಿರುಗುತ್ತಿದೆ, ಆ ಗಾಳಿಯಲ್ಲಿ ತೇಲುವ ವಿಮಾನವೂ ತಿರುಗುತ್ತಿದೆ. ಓಡುವ ರೈಲಿನೊಳಗೆ ಮುಂದಿನ ಬೋಗಿಗೆ ನಡೆದರೂ ಹಿಂದಿನ ಬೋಗಿಗೆ ನಡೆದರೂ ಒಂದೇ ಶ್ರಮ ಎಂಬುದನ್ನು ನೆನೆದರೆ ಸಾಕು.

ಹಾಗೆಂದು ನೆರೆಯವರು ಪೂರ್ತಿ ತಪ್ಪು ಎನ್ನಲಾರೆ. ಸಮಭಾಜಕದ ಬಳಿಯ ಬಿಸಿಗಾಳಿಗೂ ಧ್ರುವದ ತಣ್ಣನೆಯ ಗಾಳಿಗೂ ಇರುವ ಉಷ್ಣತೆಯ ಅಂತರ ಮತ್ತು ಭೂಮಿಯ ತಿರುಗುವಿಕೆ ಎರಡೂ ಸೇರಿ, ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಬಿರುಸಾದ ಗಾಳಿಯ ಹೊಳೆಗಳನ್ನು ಸೃಷ್ಟಿಸುತ್ತವೆ. ಜೆಟ್ ಸ್ಟ್ರೀಮ್ ಎಂದು ಕರೆಯುವುದು ಇದನ್ನೇ. ಜಪಾನಿನ ಮೇಲೆ ಚಳಿಗಾಲದಲ್ಲಿ ಇದರ ವೇಗ ಗಂಟೆಗೆ 300 ಕಿಲೋಮೀಟರ್ ದಾಟುವುದೂ ಉಂಟು. 1920ರ ದಶಕದಲ್ಲಿಯೇ ವಸಾಬುರೊ ಓಯಿಶಿ ಎಂಬ ಜಪಾನಿ ಹವಾಮಾನ ವಿಜ್ಞಾನಿ ಬಲೂನುಗಳನ್ನು ಹಾರಿಬಿಟ್ಟು ಈ ಗಾಳಿಯನ್ನು ಅಳೆದಿದ್ದರು. ಜಗತ್ತಿಗೆಲ್ಲ ತಿಳಿಯಲಿ ಎಂದು ವರದಿಯನ್ನು, ಎಲ್ಲ ದೇಶದವರೂ ಬಳಸಲೆಂದು ರೂಪಿಸಿದ ಎಸ್ಪೆರಾಂಟೊ ಎಂಬ ಕೃತಕ ಭಾಷೆಯಲ್ಲಿ ಪ್ರಕಟಿಸಿದರು. ಅದನ್ನು ಓದಬಲ್ಲವರು ಕಡಿಮೆಯಿದ್ದುದರಿಂದ ಅಂಥ ಮಹತ್ವದ ಕೆಲಸ ಬಹುಕಾಲ ಹೊರಗಿನವರ ಗಮನಕ್ಕೆ ಬರಲಿಲ್ಲ. ನನಗೆ ಈ ಸಂಗತಿ ನೆನಪಾದಾಗಲೆಲ್ಲ ಮನಸ್ಸಿಗೆ ನೋವಾಗುತ್ತದೆ.

ಈ ಗಾಳಿಯ ಬೆಲೆ ಎಷ್ಟೆಂಬುದಕ್ಕೆ ಸರಳವಾದ ಲೆಕ್ಕವೊಂದನ್ನು ನೋಡಿ. ಗಾಳಿಯೇ ಇಲ್ಲದಿದ್ದರೆ 13,990 ಕಿಲೋಮೀಟರ್ ದಾರಿಯನ್ನು ಗಂಟೆಗೆ 900ರಂತೆ ಸವೆಸಲು ಹದಿನೈದೂವರೆ ಗಂಟೆ ಬೇಕು. ದಾರಿಯುದ್ದಕ್ಕೂ ಸರಾಸರಿ 50 ಕಿಲೋಮೀಟರ್ ವೇಗದ ಗಾಳಿ ಬೆನ್ನಿಗೆ ಬೀಸಿದರೆ ಹದಿನಾಲ್ಕು ಮುಕ್ಕಾಲು ಗಂಟೆ ಸಾಕು. ಅದೇ ಗಾಳಿ ಎದುರಾದರೆ ಹದಿನಾರೂವರೆ ಗಂಟೆ. ಒಟ್ಟು ವ್ಯತ್ಯಾಸ ಒಂದೂಮುಕ್ಕಾಲು ಗಂಟೆ. ಆದ್ದರಿಂದಲೇ ನಾವು ಹತ್ತಿರದ ದಾರಿಯನ್ನಲ್ಲ, ಬೇಗ ಮುಗಿಯುವ ದಾರಿಯನ್ನು ಹುಡುಕುತ್ತಿದ್ದೆವು. ನಾನೂರು ಕಿಲೋಮೀಟರ್ ಸುತ್ತಾದರೂ ಸರಿ, ಆ ದಾರಿಯಲ್ಲಿ ಬೆನ್ನಗಾಳಿ ಗಂಟೆಗೆ 60 ಕಿಲೋಮೀಟರ್ ಸಿಗುವುದಾದರೆ 15 ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಹತ್ತಿರದ ದಾರಿಯಲ್ಲಿ 30ರ ಎದುರುಗಾಳಿಯಿದ್ದರೆ 16 ಗಂಟೆ ದಾಟುತ್ತದೆ. ರಾತ್ರಿ ಪಾಳಿಯಲ್ಲಿ ಗಾಳಿಯ ನಕ್ಷೆಯನ್ನು ಮುಂದಿಟ್ಟುಕೊಂಡು ನಾಲ್ಕಾರು ದಾರಿಗಳನ್ನು ಹೀಗೆ ತೂಗಿ ನೋಡುವುದೇ ನಮ್ಮ ಕಸುಬು. ಸೀಟಿನ ಮುಂದಿನ ಪರದೆಯಲ್ಲಿ ವಿಮಾನ ಡೊಂಕಾಗಿ ಸಾಗುತ್ತಿರುವುದು ಕಂಡರೆ ಯಾರೋ ದಾರಿ ತಪ್ಪಿದ್ದಾರೆಂದು ತಾವು ಭಾವಿಸಬೇಕಾಗಿಲ್ಲ. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ದಿನ ನ್ಯೂಯಾರ್ಕ್‌ನಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು 4 ಗಂಟೆ 56 ನಿಮಿಷದಲ್ಲಿ ಲಂಡನ್ ಮುಟ್ಟಿತ್ತು. ಅದೇ ದಾರಿಯಲ್ಲಿ ಎದುರಾಗಿ ಬರುವವರಿಗೆ ಏಳು ಗಂಟೆಗಿಂತ ಹೆಚ್ಚು ಹಿಡಿಯುತ್ತದೆ.

ವೇಳಾಪಟ್ಟಿಯಲ್ಲಿ ಅಚ್ಚಾಗುವ ಸಮಯ ಇನ್ನೂ ಸ್ವಲ್ಪ ಹೆಚ್ಚಿರುತ್ತದೆ. ಗಾಲಿಗೆ ಕೊಟ್ಟ ತಡೆಯನ್ನು ತೆಗೆದ ಕ್ಷಣದಿಂದ, ಇಳಿದ ಊರಿನಲ್ಲಿ ಮತ್ತೆ ತಡೆ ಕೊಡುವ ಕ್ಷಣದವರೆಗಿನ ಅವಧಿ ಅದು. ರನ್‌ವೇವರೆಗೆ ಉರುಳುವುದು, ಸರದಿಗೆ ಕಾಯುವುದು, ತಡವಾದೀತೆಂದು ಕಂಪನಿ ಇಟ್ಟುಕೊಳ್ಳುವ ಒಂದಿಷ್ಟು ಹೆಚ್ಚುವರಿ ನಿಮಿಷಗಳು ಎಲ್ಲವೂ ಅದರಲ್ಲಿ ಸೇರಿವೆ.

ಧ್ರುವದ ಭಯದ ವಿಚಾರ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನವನ್ನು ಹಾರಿಸಿದಾಗ, ಕಾಕ್‌ಪಿಟ್‌ನಲ್ಲಿ ಎಲ್ಲರೂ ಮಹಿಳೆಯರೇ ಇದ್ದ ಆ ತಂಡ ಉತ್ತರ ಧ್ರುವದ ಮೇಲಿಂದಲೇ ಬಂದು ಇಳಿದಿತ್ತು. ತಮಗೆ ಹೇಳಿದವರ ಮನಸ್ಸಿನಲ್ಲಿ ಆ ಸುದ್ದಿ ಉಳಿದಿರಬಹುದು. ಎತ್ತರದ ಅಕ್ಷಾಂಶಗಳಲ್ಲಿ ಆಕಾಶದಿಂದ ಬರುವ ವಿಕಿರಣ ಹೆಚ್ಚು ಎಂಬುದು ನಿಜ. ಆದರೆ ಅಂಥ ಒಂದು ದೀರ್ಘ ಹಾರಾಟದಲ್ಲಿ ದೇಹಕ್ಕೆ ತಗಲುವುದು ಸಾಮಾನ್ಯವಾಗಿ ಒಂದು ಮಿಲಿಸೀವರ್ಟ್‌ನ (ದೇಹಕ್ಕೆ ತಗಲುವ ವಿಕಿರಣವನ್ನು ಅಳೆಯುವ ಮಾನ) ಹತ್ತನೇ ಒಂದು ಭಾಗದ ಆಸುಪಾಸು. ನೆಲದ ಮೇಲೆ ಸುಮ್ಮನೆ ಬದುಕಿದ್ದರೂ ಮಣ್ಣು, ಕಲ್ಲು, ಗಾಳಿ ಮೊದಲಾದವುಗಳಿಂದ ವರ್ಷಕ್ಕೆ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತದೆ. ವರ್ಷವಿಡೀ ಹಾರುವ ಸಿಬ್ಬಂದಿ ಇದರ ಲೆಕ್ಕ ಇಡಬೇಕು. ಒಮ್ಮೆ ಹೋಗಿ ಬರುವ ತಾವು ಇದಕ್ಕಾಗಿ ದಾರಿ ಬದಲಿಸಬೇಕಾಗಿಲ್ಲ. ಧ್ರುವ ಮಾರ್ಗದಲ್ಲಿ ನಮಗೆ ನಿಜವಾಗಿ ಚಿಂತೆ ಕೊಡುವ ವಿಷಯಗಳು ಬೇರೆ: ಇಂಧನ ಹೆಪ್ಪುಗಟ್ಟುವ ಹಂತಕ್ಕೆ ತಣ್ಣಗಾಗದಂತೆ ನೋಡಿಕೊಳ್ಳಬೇಕು, ತೊಂದರೆಯಾದರೆ ಇಳಿಯಲು ತಕ್ಕ ನಿಲ್ದಾಣ ಹತ್ತಿರದಲ್ಲಿರಬೇಕು. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನವೊಂದು ಎಂಜಿನ್ ದೋಷದಿಂದ ರಷ್ಯಾದ ಪೂರ್ವ ತುದಿಯ ಮಗದಾನ್‌ನಲ್ಲಿ ಸುರಕ್ಷಿತವಾಗಿ ಇಳಿಯಿತು. ಆದರೆ ಇನ್ನೊಂದು ವಿಮಾನ ಬರುವವರೆಗೆ ಪ್ರಯಾಣಿಕರು ಒಂದು ದಿನಕ್ಕಿಂತ ಹೆಚ್ಚು ಅಲ್ಲಿಯೇ ಕಳೆಯಬೇಕಾಯಿತು. ಇಂಥದ್ದು ಅಪರೂಪ. ಆದರೂ ದಿನನಿತ್ಯದ ಮಾತ್ರೆಗಳನ್ನು, ಕನಿಷ್ಠ ಮೂರು ದಿನಕ್ಕಾಗುವಷ್ಟು, ಕೈಚೀಲದಲ್ಲಿಯೇ ಇಟ್ಟುಕೊಳ್ಳಿ ಎಂದು ನಾನು ಹಿರಿಯರಿಗೆ ತಪ್ಪದೆ ಹೇಳುವುದು ಇದೇ ಕಾರಣಕ್ಕೆ.

ಈಗ ದಾರಿಗಳ ಆಯ್ಕೆಗೆ ಬರುತ್ತೇನೆ. ಏಜೆಂಟರು ತೋರಿಸಿದ ಪಟ್ಟಿಯಲ್ಲಿ ನೇರ ವಿಮಾನ ಇಲ್ಲದಿರುವುದು ಆಶ್ಚರ್ಯವಲ್ಲ. ಇಷ್ಟು ದೂರದ ನೇರ ಹಾರಾಟಗಳು ಆರಂಭವಾಗುವುದು, ನಿಲ್ಲುವುದು, ಮತ್ತೆ ಆರಂಭವಾಗುವುದು ಇದ್ದದ್ದೇ. ಬೆಂಗಳೂರಿನ ಆ ಸೇವೆಯೂ ಒಮ್ಮೆ ನಿಂತು 2022ರ ಡಿಸೆಂಬರ್‌ನಲ್ಲಿ ಮರಳಿ ಆರಂಭವಾಗಿತ್ತು. ಹದಿನಾರು ಗಂಟೆಗೆ ಬೇಕಾದ ಇಂಧನವನ್ನು ಹೊತ್ತೊಯ್ಯಲು ಆ ಇಂಧನದಲ್ಲಿಯೇ ಒಂದು ದೊಡ್ಡ ಪಾಲು ಖರ್ಚಾಗುತ್ತದೆ. ಸಾಲದ್ದಕ್ಕೆ ದೇವನಹಳ್ಳಿ ಸಮುದ್ರಮಟ್ಟದಿಂದ 915 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾಗಿರುವ ಎತ್ತರದಿಂದ ತುಂಬು ಭಾರದೊಡನೆ ಮೇಲೇಳುವುದು ಸುಲಭವಲ್ಲ.

ಹಾಗಾದರೆ ನಡುವೆ ಇಳಿದು ಹೋಗುವುದರಿಂದ ದೂರ ಎಷ್ಟು ಹೆಚ್ಚುತ್ತದೆ? ಇಲ್ಲಿ ಅನೇಕರು ಎಣಿಸದ ಸಂಗತಿಯಿದೆ. ದೆಹಲಿಯ ಮೂಲಕ ಹೋದರೆ ಒಟ್ಟು ಅಂತರ ಸುಮಾರು 14,090 ಕಿಲೋಮೀಟರ್, ಅಂದರೆ ಬರೀ ನೂರು ಕಿಲೋಮೀಟರ್ ಹೆಚ್ಚು. ದಾರ ಉತ್ತರಕ್ಕೆ ಜಾರಿದ್ದು ನೆನಪಿದ್ದರೆ ಕಾರಣ ತಾನಾಗಿ ಹೊಳೆಯುತ್ತದೆ. ಟೋಕಿಯೊದ ನರಿತಾ ಮೂಲಕ ಸುಮಾರು 14,930, ದುಬೈ ಮೂಲಕ 15,720, ಫ್ರಾಂಕ್‌ಫರ್ಟ್ ಮೂಲಕ 16,550, ಸಿಂಗಪುರದ ಮೂಲಕ 16,760. ಅತಿ ಸುತ್ತಿನ ದಾರಿಗೂ ನೇರ ದಾರಿಗೂ ಹಾರಾಟದ ಲೆಕ್ಕದಲ್ಲಿ ಸುಮಾರು ಮೂರು ಗಂಟೆಯ ವ್ಯತ್ಯಾಸ. ಹದಿನಾರು ಗಂಟೆಯನ್ನು ಇಪ್ಪತ್ತೇಳಕ್ಕೆ ಏರಿಸುವುದು ಮುಖ್ಯವಾಗಿ ಕಾಯುವಿಕೆಯೇ ಹೊರತು ದೂರವಲ್ಲ.

ತಮ್ಮ ಪತ್ನಿಯವರ ಕಾಲಿನ ದೃಷ್ಟಿಯಿಂದ ಒಟ್ಟು ಗಂಟೆಗಿಂತಲೂ ಮುಖ್ಯವಾದದ್ದು, ಆ ಗಂಟೆಗಳು ಎಲ್ಲಿ ಮುರಿಯುತ್ತವೆ ಎಂಬುದು. ದುಬೈ ಮೂಲಕ ಹೋದರೆ ಮೊದಲು ನಾಲ್ಕು ಗಂಟೆ, ಆಮೇಲೆ ಒಂದೇ ಸಮನೆ ಹದಿನಾರು ಗಂಟೆ. ಸಿಂಗಪುರ, ದೆಹಲಿಗಳಲ್ಲಿಯೂ ಹೆಚ್ಚುಕಡಿಮೆ ಇದೇ ಪಾಡು. ಇಳಿದು ಹತ್ತುವ ಕಷ್ಟವನ್ನೂ ಪಟ್ಟು, ದೀರ್ಘ ಹಾರಾಟದ ಕಷ್ಟವೂ ತಪ್ಪದೆ ಉಳಿಯುತ್ತದೆ. ಟೋಕಿಯೊ ಮೂಲಕವಾದರೆ ಸುಮಾರು ಎಂಟು ಮತ್ತು ಒಂಬತ್ತೂವರೆ ಗಂಟೆ, ಫ್ರಾಂಕ್‌ಫರ್ಟ್ ಮೂಲಕವಾದರೆ ಸುಮಾರು ಹತ್ತು ಮತ್ತು ಹನ್ನೊಂದೂವರೆ. ಮಂಡಿನೋವಿನವರಿಗೆ ಹೀಗೆ ನಡುವಿನಲ್ಲಿ ಮುರಿಯುವ ದಾರಿಯೇ ಲೇಸು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಈ ಎರಡರಲ್ಲಿ ಯಾವುದು? ಬರುವ ಪ್ರಯಾಣವೇ ಯಾವಾಗಲೂ ಉದ್ದ ಎಂದು ತಾವು ತಿಳಿದಿರಬಹುದು. ಅದು ದಾರಿಯನ್ನು ಅವಲಂಬಿಸಿದೆ. ಟೋಕಿಯೊ ಮೂಲಕ ಹೋಗುವಾಗ ಎರಡೂ ಹಾರಾಟಗಳು ಪೂರ್ವಕ್ಕೆ, ಗಾಳಿ ಬೆನ್ನಿಗೆ. ಬರುವಾಗ, ಅದೂ ಜನವರಿಯಲ್ಲಿ, ಎರಡೂ ಎದುರುಗಾಳಿಗೆ, ಹಾರಾಟವೇ ಇಪ್ಪತ್ತೊಂದು ಗಂಟೆಯಷ್ಟಾಗುತ್ತದೆ. ಫ್ರಾಂಕ್‌ಫರ್ಟ್ ದಾರಿಯಲ್ಲಿ ಇದು ತಿರುವುಮುರುವು: ಹೋಗುವಾಗ ಸುಮಾರು ಇಪ್ಪತ್ತೊಂದು, ಬರುವಾಗ ಒಂದೂವರೆ ಗಂಟೆಯಷ್ಟು ಕಡಿಮೆ. ಟೋಕಿಯೊ ಮೂಲಕ ಹೋಗಿ ಫ್ರಾಂಕ್‌ಫರ್ಟ್ ಮೂಲಕ ಬಂದರೆ ಭೂಮಿಯನ್ನೇ ಒಂದು ಸುತ್ತು ಹಾಕಿ, ಎರಡೂ ಸಲ ಗಾಳಿಯ ನೆರವು ಪಡೆಯಬಹುದು. ಆದರೆ ಬೇರೆ ಬೇರೆ ಕಂಪನಿಗಳ ಟಿಕೆಟ್ ಬೇಕಾಗಿ ಹಣ ಹೆಚ್ಚಾಗುತ್ತದೆ, ದಿನಾಂಕ ಬದಲಿಸುವುದೂ ಕಷ್ಟ. ಆದ್ದರಿಂದ ತಮಗೆ ಅದನ್ನು ಹೇಳಲಾರೆ. ಎರಡು ದಾರಿಗಳಲ್ಲಿ ಯಾವುದರ ಕಾಯುವ ಸಮಯ ಅನುಕೂಲವಾಗಿದೆಯೋ ಅದನ್ನು ಹಿಡಿಯಿರಿ.

ಕಾಯುವ ಸಮಯ ಮೂರರಿಂದ ನಾಲ್ಕು ಗಂಟೆ ಇರಲಿ. ಏಜೆಂಟರು ಒಂದೂಕಾಲು ಗಂಟೆಯ ಸಂಪರ್ಕವನ್ನು ತೋರಿಸಿ ಒಟ್ಟು ಸಮಯ ಕಡಿಮೆ ಎಂದರೆ ಒಪ್ಪಬೇಡಿ. ಮೊದಲ ವಿಮಾನ ಅರ್ಧ ಗಂಟೆ ತಡವಾದರೂ ಸಾಕು, ವೀಲ್‌ಚೇರ್ ಬರುವುದನ್ನು ಕಾಯುವವರಿಗೆ ಎರಡನೆಯದು ಕೈತಪ್ಪುತ್ತದೆ. ವೀಲ್‌ಚೇರ್ ಸಹಾಯವನ್ನು ಟಿಕೆಟ್ ಮಾಡಿಸುವಾಗಲೇ ನಮೂದಿಸಿ. ಅದನ್ನು ಕೇಳಲು ಸಂಕೋಚ ಬೇಡ. ಇಡೀ ಪ್ರಯಾಣ ಒಂದೇ ಟಿಕೆಟ್‌ನಲ್ಲಿರಲಿ. ಆಗ ಸಂಪರ್ಕ ತಪ್ಪಿದರೂ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಕಂಪನಿಯದು. ನಡುವಿನ ದೇಶದ ಟ್ರಾನ್ಸಿಟ್ ವೀಸಾ ನಿಯಮವನ್ನು ಆ ದೇಶದ ಅಧಿಕೃತ ತಾಣದಲ್ಲಿ ನೋಡಿಕೊಳ್ಳಿ. ಸೀಟು ನಡೆದಾಡುವ ಓಣಿಯ ಪಕ್ಕದಲ್ಲಿರಲಿ, ಎರಡು ಗಂಟೆಗೊಮ್ಮೆಯಾದರೂ ಎದ್ದು ನಡೆಯಲಿ. ಕಾಲು ಊದುವ ತೊಂದರೆ ಮೊದಲೇ ಇರುವುದರಿಂದ, ಬಿಗಿಯಾದ ಕಾಲುಚೀಲ ಬೇಕೇ ಎಂಬುದನ್ನು ತಮ್ಮ ವೈದ್ಯರೇ ಹೇಳಬೇಕು. ಟಿಕೆಟ್ ಕೊಳ್ಳುವ ಮುನ್ನವೇ ಅವರನ್ನು ಕಾಣುವುದು ಒಳ್ಳೆಯದು.

ಕೊನೆಯದಾಗಿ ದಿನಾಂಕದ ಲೆಕ್ಕ. ಟಿಕೆಟ್‌ನಲ್ಲಿರುವ ಎಲ್ಲ ಸಮಯಗಳೂ ಆಯಾ ಊರಿನ ಗಡಿಯಾರದವು. ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ನವೆಂಬರ್‌ನ ಮೊದಲ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ ಜನವರಿಯಲ್ಲಿ ಹದಿಮೂರೂವರೆ ಗಂಟೆ. ಹೋಗುವಾಗ ಹೊರಟ ದಿನವೇ ತಲಪಿದಂತೆ ಕಾಣಬಹುದು, ಬರುವಾಗ ಎರಡು ದಿನ ಕಳೆದಂತೆ ಕಾಣುತ್ತದೆ. ಸೋಮವಾರ ಮಧ್ಯಾಹ್ನ ಎರಡೂವರೆಗೆ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು, ಒಟ್ಟು 23 ಗಂಟೆ ಪ್ರಯಾಣ ಮಾಡಿದರೆ, ತಾವು ಬೆಂಗಳೂರಿನಲ್ಲಿ ಇಳಿಯುವುದು ಬುಧವಾರ ಬೆಳಗಿನ ಜಾವ ಮೂರು ಗಂಟೆಗೆ. ಕರೆದೊಯ್ಯಲು ಬರುವ ಕಾರಿನವರಿಗೆ ಬರೀ ಬುಧವಾರ ಎಂದಷ್ಟೇ ಹೇಳಿದರೆ ಅವರು ಬುಧವಾರ ರಾತ್ರಿ ಬಂದಾರು; ಮಂಗಳವಾರ ರಾತ್ರಿ ಹತ್ತು ಗಂಟೆಗೆ ಮೈಸೂರು ಬಿಡಬೇಕು ಎಂದು ಬಿಡಿಸಿ ಹೇಳಿ.